ಕೊಂಬೈ ಕಡೆಯ ಮೋಡ

ಚಪ್ಪರದ ಅಡಿಯಿಂದ ಅಮುದಾ ಬಗ್ಗಿಕೊಂಡೇ ಓಡಿ ಬಂದಳು. ಗೊಂಚಲು ಕತ್ತರಿಸುವ ಕತ್ತರಿ ಇನ್ನೂ ಕೈಯಲ್ಲೇ ಇತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿ, ದ್ರಾಕ್ಷಿಯ ಅಂಟನ್ನು ಸೆರಗಿಗೆ ಒರೆಸಿಕೊಂಡು, ಫೋನನ್ನು ಎರಡು ಕೈಯಲ್ಲೂ ಎತ್ತಿ ಪಡುವಣಕ್ಕೆ ಹಿಡಿದಳು. ಸದ್ಯ, ಇನ್ನೂ ಇತ್ತು. ಕೊಂಬೈ ಕಡೆಯ ಬೆಟ್ಟದ ನೆತ್ತಿಯ ಮೇಲೆ ಉದ್ದಕ್ಕೆ ಮಲಗಿದ ಮೋಡ, ಹೊಟ್ಟೆ ಮಾತ್ರ ಕಪ್ಪು, ಬೆನ್ನು ಬಿಸಿಲಿಗೆ ಬೆಳ್ಳಗೆ. ಆಷಾಢದ ಗಾಳಿ ಬೀಸುವ ಆಡಿ ತಿಂಗಳಲ್ಲಿ ಈ ಮೋಡಗಳು ದಿನಾ ಬಂದು ಬೆಟ್ಟದ ಮೇಲೆ ಹೀಗೆ ಕೂರುತ್ತವೆ. ಇನ್ನೇನು ಇಳಿದೇಬಿಟ್ಟವು ಅನ್ನಿಸುತ್ತದೆ, ಇಳಿಯುವುದಿಲ್ಲ.

ಚಪ್ಪರದ ಒಳಗಿನಿಂದ ಗಂಡ ವೇಲುಸಾಮಿ ಕೂಗು ಹಾಕಿದ. ವ್ಯಾನು ಬರುವ ಹೊತ್ತಾಯಿತು, ಪೆಟ್ಟಿಗೆ ತುಂಬಿಲ್ಲ, ಇವಳು ಆಕಾಶ ನೋಡಿಕೊಂಡು ನಿಂತಿದ್ದಾಳೆ, ತೇನಿಯ ಮಾರ್ಕೆಟ್ಟಿನವರು ದ್ರಾಕ್ಷಿ ಬಿಟ್ಟು ಮೋಡ ತಗೊಳ್ಳುತ್ತಾರೇನು ಎಂದು ಕೇಳಿದ. ಕೂಲಿಗೆ ಬಂದ ಹೆಂಗಸರೆಲ್ಲ ನಕ್ಕರು. ಅಮುದಾಳಿಗೂ ನಗು ಬಂತು, ಆದರೆ ಫೋನು ಇಳಿಸಲಿಲ್ಲ.

"ಒಂದ್ ನಿಮ್ಸ ಮಾಮಾ. ಇದು ಓಗ್ಬುಟ್ರೆ ನಾಳೆ ಇದೇ ಬರಾದಿಲ್ಲ."

"ಅದಿಲ್ದಿದ್ರೆ ಅದ್ರ ತಮ್ಮ ಬತ್ತಾನೆ. ಬಾ ಪುಳ್ಳೆ."

ಎಲೆಗಳ ನಡುವಿನಿಂದ ಅವನ ಕೈಯೊಂದೇ ಹೊರಗೆ ಬಂದು ಬಾ ಬಾ ಎಂದು ಕರೆಯಿತು. ಅದೇ ಗಳಿಗೆಗೆ ಅವಳು ಫೋಟೋ ಒತ್ತಿದಳು. ಅದು ಐದನೆಯ ದಿನದ ಫೋಟೋ. ಇನ್ನೆರಡು ದಿನದ್ದು ತೆಗೆದುಬಿಟ್ಟರೆ ಅವಳ ಕೋರ್ಸು ಮುಗಿದ ಹಾಗೆ.

ವೇಲುಸಾಮಿ ಕೆಟ್ಟವನೇನಲ್ಲ. ಸೋದರಮಾವನ ಮಗ, ಅವಳು ಲಂಗ ಹಾಕಿಕೊಂಡು ತಿರುಗುತ್ತಿದ್ದ ಕಾಲದಿಂದಲೂ ಅವಳನ್ನು ಕೆಣಕಿಕೊಂಡೇ ಬಂದವನು. ಹೆಂಡತಿ ಕೋರ್ಸು ಓದುತ್ತಾಳೆ ಎನ್ನುವುದು ಅವನಿಗೆ ಒಂದು ತಮಾಷೆ, ಅಷ್ಟೇ. ಹನುಮಂತನಪಟ್ಟಿಯಲ್ಲಿ ಹುಟ್ಟಿ, ಒಂದು ಕಡೆ ಮೇಘಮಲೆ, ಇನ್ನೊಂದು ಕಡೆ ಕೇರಳದ ಬೆಟ್ಟ, ನಡುವೆ ಕೂತವಳಿಗೆ ಮೋಡ ಎಂದರೇನು ಎಂದು ಫೋನು ಹೇಳಿಕೊಡಬೇಕೇ ಎಂದು ಅವನು ಸಿಕ್ಕವರನ್ನೆಲ್ಲ ಕೇಳುತ್ತಿದ್ದ. ಕೇಳಿದರೆ ಕೇಳಲಿ. ಹೇಳಿಕೊಡಬೇಕು ಎಂದೇ ಅಮುದಾಳ ಉತ್ತರ. ಹುಟ್ಟಿದಾಗಿನಿಂದ ತಲೆಯ ಮೇಲಿದ್ದದ್ದನ್ನು ಅವಳು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಚಪ್ಪರದ ಅಡಿಯಲ್ಲಿ ದುಡಿಯುವವರಿಗೆ ತಲೆಯೆತ್ತಿದರೆ ಕಾಣುವುದು ಎಲೆ ಮತ್ತು ಗೊಂಚಲು.

ಇದೆಲ್ಲ ಶುರುವಾದದ್ದು ಮಗಳು ಮುತ್ತುಸೆಲ್ವಿಯಿಂದ. ಅವಳು ದಿಂಡಿಗಲ್ಲಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದುವವಳು. ಚಿತ್ತಿರೈ ತಿಂಗಳ ಬೇಸಿಗೆ ರಜೆಗೆ ಬಂದಾಗ ಫೋನು ಬೀಳಿಸಿಕೊಂಡು ಗಾಜು ಒಡೆದು, ರಜೆ ಪೂರ್ತಿ ಅಮ್ಮನ ಫೋನನ್ನೇ ಹಿಡಿದುಕೊಂಡು ಕೂತಳು. ಪುಕ್ಕಟೆ ಸಿಗುವ ಆನ್‌ಲೈನ್ ಕೋರ್ಸುಗಳಿಗೆಲ್ಲ ಅಮ್ಮನ ಹೆಸರಲ್ಲೇ ಸೇರಿಕೊಂಡಳು. ಕಂಪ್ಯೂಟರ್ ಭಾಷೆಯದು ಒಂದು, ಫೋಟೋ ತೆಗೆಯುವುದು ಒಂದು, ಮೋಡ ನೋಡುವುದು ಒಂದು, ಸುಖವಾಗಿರುವುದು ಹೇಗೆ ಎನ್ನುವುದು ಒಂದು. ಸುಖವಾಗಿರುವ ಕೋರ್ಸನ್ನು ಎರಡನೆಯ ಪಾಠಕ್ಕೇ ಬಿಟ್ಟಳು, ಉಳಿದವನ್ನು ಅದಕ್ಕಿಂತ ಮೊದಲೇ. ರಜೆ ಮುಗಿಸಿ ಅವಳು ದಿಂಡಿಗಲ್ ಬಸ್ಸು ಹತ್ತಿದ ಮೇಲೂ ಅಮುದಾಳ ಫೋನಿಗೆ ಮೋಡದ ಕೋರ್ಸಿನ ಸಂದೇಶ ಬರುತ್ತಲೇ ಇತ್ತು: ನಿಮ್ಮ ಪಾಠ ಕಾಯುತ್ತಿದೆ, ಅಮುದಾ.

ಹೆಸರು ಹಿಡಿದು ಕರೆದರೆ ಎಷ್ಟು ದಿನ ಸುಮ್ಮನಿರುವುದು? ಒಂದು ಮಧ್ಯಾಹ್ನ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದವಳು ಒತ್ತಿಯೇಬಿಟ್ಟಳು. ತಲೆಯೆಲ್ಲ ನರೆತ ಒಬ್ಬ ಹೆಂಗಸು, ಮಳೆಯಂಗಿ ತೊಟ್ಟು, ಯಾವುದೋ ಚಳಿ ದೇಶದ ಹುಲ್ಲುಗಾವಲಿನಲ್ಲಿ ಒಬ್ಬಳೇ ನಿಂತಿದ್ದಳು. ಅವಳಾಡುವ ಇಂಗ್ಲಿಷು ಅಮುದಾಳಿಗೆ ಗಾಳಿಯ ಸದ್ದಿನ ಹಾಗೆ ಕೇಳಿಸಿತು. ಕೆಳಗೆ ತಮಿಳಿನಲ್ಲಿ ಸಾಲುಗಳು ಬರುತ್ತಿದ್ದವು. ಯಾವುದೋ ಯಂತ್ರ ಮಾಡಿದ ತಮಿಳು, ಅರ್ಧ ಸೊಟ್ಟ. ಆದರೂ ಮೊದಲ ಸಾಲು ನೆಟ್ಟಗೆ ಬಂತು: ಕೆಲಸ ಬಿಟ್ಟು ಒಮ್ಮೆ ಮೇಲೆ ನೋಡಿ. ಅಮುದಾ ಹುಣಸೆ ಬಿಟ್ಟು ಮೇಲೆ ನೋಡಿದಳು. ಜಗಲಿಯ ಹಂಚು ಕಂಡಿತು. ತಾನೇ ನಕ್ಕು, ಎದ್ದು, ತಾರಸಿಗೆ ಹೋದಳು.

ಅಂದಿನಿಂದ ತಾರಸಿಯ ನೀರಿನ ಟ್ಯಾಂಕಿನ ಪಕ್ಕವೇ ಅವಳ ಶಾಲೆಯಾಯಿತು. ನೆಟ್‌ವರ್ಕ್ ಸಿಗುವುದೂ ಅಲ್ಲೇ. ಕೋರ್ಸಿಗೆ ಲೋಕದಾದ್ಯಂತ ನಲವತ್ತು ಸಾವಿರ ಜನ ಸೇರಿದ್ದಾರೆ ಎಂದು ಫೋನು ಹೇಳಿತು. ತಾವು ಯಾರು, ಎಲ್ಲಿಂದ ಎಂದು ಎಲ್ಲರೂ ಒಂದು ಕಡೆ ಬರೆದಿದ್ದರು. ಕೆಳಕ್ಕೆ ಜಾರಿಸಿದಷ್ಟೂ ಜನ. ಮರುಭೂಮಿಯ ಊರಿನವರು, ದ್ವೀಪದವರು, ಮೀನು ಹಿಡಿಯುವವರು, ಆಗತಾನೇ ಮಗು ಹೆತ್ತು ನಿದ್ದೆ ಬಾರದವಳೊಬ್ಬಳು. ಅಮುದಾಳೂ ಧೈರ್ಯ ಮಾಡಿ ತಮಿಳಿನಲ್ಲಿ ಬರೆದಳು: ಹನುಮಂತನಪಟ್ಟಿ, ದ್ರಾಕ್ಷಿ ತೋಟ. ಮನೆಯ ಮಾತು ಕನ್ನಡವಾದರೂ, ತಮಿಳುನಾಡಿನಲ್ಲೇ ಹುಟ್ಟಿ ಬೆಳೆದ ಅವಳಿಗೆ ಅದರ ಅಕ್ಷರ ಗೊತ್ತಿಲ್ಲ, ಅವಳ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಯಾರೋ ಏಳೆಂಟು ಜನ ಅದಕ್ಕೆ ಹೃದಯದ ಗುರುತು ಒತ್ತಿದರು. ಅಂದು ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ವಾರ ಕಳೆದಂತೆ ಆ ಜಾತ್ರೆ ಕರಗಿತು. ಪುಕ್ಕಟೆ ಎಂದರೆ ಬರುವವರಿಗೇನು ಕಡಿಮೆ, ಹೋಗುವವರನ್ನು ತಡೆಯುವವರೂ ಯಾರಿಲ್ಲ. ಎರಡನೆಯ ಪಾಠಕ್ಕೆ ಮಾತು ಅರ್ಧವಾಯಿತು, ನಾಲ್ಕನೆಯದಕ್ಕೆ ಒಬ್ಬಿಬ್ಬರು. ಬೆಟ್ಟದ ಮೋಡ ನದಿಯ ತನಕ ಬಂದು ಯಾಕೆ ಚದುರಿಹೋಗುತ್ತದೆ ಎಂದು ಅಮುದಾ ಟೀಚರಮ್ಮನಿಗೆ ಒಂದು ಪ್ರಶ್ನೆ ಬರೆದಳು. ದಿನಾ ತೆರೆದು ನೋಡಿದಳು, ಉತ್ತರವಿಲ್ಲ. ಮಗಳಿಗೆ ಫೋನು ಮಾಡಿ ಕೇಳಿದರೆ ಅವಳು ಹುಡುಕಿ ನೋಡಿ ತಮಿಳಿನಲ್ಲೇ ಹೇಳಿದಳು: ಆ ವೀಡಿಯೋಗಳೆಲ್ಲ ಹಳೆಯವಂತೆ, ಆ ಟೀಚರು ಕೆಲಸ ಬಿಟ್ಟು ವರ್ಷಗಳಾದವಂತೆ, ಈಗ ಅಲ್ಲಿ ಯಾರೂ ಇಲ್ಲ, ಕೋರ್ಸು ತನ್ನಷ್ಟಕ್ಕೆ ತಾನು ಓಡುತ್ತದೆಯಂತೆ.

ಅಮುದಾಳಿಗೆ ಸಂಕಟವಾಯಿತು. ಪ್ರತಿ ಪಾಠದ ಕೊನೆಗೂ ಆ ಹೆಂಗಸು ಗಾಳಿಗೆ ಹಾರುವ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ನಗುತ್ತಿದ್ದಳು. ಯಂತ್ರದ ತಮಿಳು ಅದನ್ನು 'ಇಷ್ಟು ದೂರ ನಡೆದು ಬಂದ ನಿಮಗೆ ವಣಕ್ಕಂ' ಎಂದು ಮಾಡುತ್ತಿತ್ತು. ಅಮುದಾ ಪ್ರತಿ ಸಲವೂ ಕೈ ಜೋಡಿಸುತ್ತಿದ್ದಳು. ಆ ಕೈಯನ್ನು ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಅಂದು ಮಧ್ಯಾಹ್ನ ಟ್ಯಾಂಕಿನ ನೆರಳಿನಲ್ಲಿ ಕಣ್ಣು ಹತ್ತಿದಾಗ ಅವಳಿಗೆ ಅದೇ ಹುಲ್ಲುಗಾವಲು ಕಂಡಿತು. ಜನ ಒಬ್ಬೊಬ್ಬರಾಗಿ ಎದ್ದು ಮಂಜಿನೊಳಗೆ ಹೋಗುತ್ತಿದ್ದರು, ಯಾರೂ ಹೇಳಿ ಹೋಗುತ್ತಿರಲಿಲ್ಲ. ಕಡೆಗೆ ಹುಲ್ಲು ಮಾತ್ರ ಉಳಿಯಿತು, ಹುಲ್ಲಿನ ಮೇಲೆ ಕೂತವರ ಅಚ್ಚು.

ಹಾಗಾದರೆ ಬಿಟ್ಟುಬಿಡು ಎಂದು ಮುತ್ತುಸೆಲ್ವಿ ಅಂದಳು. ಬಿಡುವುದು ಅಷ್ಟು ಸುಲಭವಾಗಿದ್ದರೆ ಅಮುದಾ ಯಾವತ್ತೋ ಬಿಡುತ್ತಿದ್ದಳು. ಹತ್ತನೆಯ ತರಗತಿಯ ಪರೀಕ್ಷೆ ಬರೆಯುತ್ತಿದ್ದ ವರ್ಷ, ಕಡೆಯ ಪೇಪರಿನ ದಿನ ಬೆಳಿಗ್ಗೆ ಅಜ್ಜಿ ತೀರಿಕೊಂಡಳು. ಸಾವಿನ ಮನೆಯಿಂದ ಹುಡುಗಿಯನ್ನು ಪರೀಕ್ಷೆಗೆ ಯಾರು ಕಳಿಸುತ್ತಾರೆ? ಬರುವ ವರ್ಷ ಬರೆಯುವೆಯಂತೆ ಎಂದ ಅಪ್ಪ ಚಿನ್ನಸಾಮಿ. ಬರುವ ವರ್ಷಕ್ಕೆ ಮದುವೆ ಬಂತು. ಎಷ್ಟು ಓದಿದ್ದೀ ಎಂದು ಯಾರಾದರೂ ಕೇಳಿದರೆ ಅವಳು ಹತ್ತು ಅನ್ನುತ್ತಾಳೆ, ಕೇಳದಿದ್ದರೂ ಹಿಂದೆಯೇ ಸೇರಿಸುತ್ತಾಳೆ, ಒಂದು ಪೇಪರ್ ಬಾಕಿ ಎಂದು. ಆ ಬಾಕಿ ಅವಳನ್ನು ಇಪ್ಪತ್ತು ವರ್ಷಗಳಿಂದ ತಿನ್ನುತ್ತಿದೆ. ಈ ಕೋರ್ಸನ್ನಾದರೂ ಕಡೆಯ ತನಕ ಮುಗಿಸಬೇಕು, ಮುಗಿಯಿತು ಎಂದು ಎಲ್ಲಾದರೂ ಬರೆದಿರುವುದನ್ನು ಕಣ್ಣಾರೆ ನೋಡಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಕಡೆಯ ಕೆಲಸ ಇದು: ಏಳು ದಿನ ಆಕಾಶದ ಒಂದೇ ಭಾಗದ ಫೋಟೋ ತೆಗೆಯಬೇಕು. ಕಂಡ ಮೋಡದ ಹೆಸರು ಬರೆಯಬೇಕು, ಮಳೆ ಬರುತ್ತದೋ ಇಲ್ಲವೋ ಊಹಿಸಬೇಕು, ಆಮೇಲೆ ಏನಾಯಿತು ಎಂದು ಹೇಳಬೇಕು. ಆರನೆಯ ದಿನ ಮನೆಯಲ್ಲಿ ಬಟ್ಟೆ ಒಗೆಯುವುದಿತ್ತು, ತೋಟಕ್ಕೆ ಹೋಗಲಾಗಲಿಲ್ಲ. ತಾರಸಿಯಿಂದಲೇ, ಬಿಸಿಲಿಗೆ ಫೋನಿನ ಪರದೆ ಕಾಣದಿದ್ದರೂ, ಅಂದಾಜಿನ ಮೇಲೆ ತೆಗೆದಳು. ಆಮೇಲೆ ನೋಡಿದರೆ ಎಲ್ಲಕ್ಕಿಂತ ಚೆಂದ ಬಂದದ್ದು ಅದೇ. ಎಡಮೂಲೆಯಲ್ಲಿ ಒಂದು ಪುಟ್ಟ ಬಿಳಿ ಮೋಡ, ಉಬ್ಬಿಕೊಂಡು, ಒಂಟಿಯಾಗಿ, ತೀರ ಕೆಳಗೆ. ಟೀಚರಮ್ಮ ಒಳ್ಳೆಯ ಹವೆಯ ಮೋಡ ಎಂದು ಹೇಳಿಕೊಟ್ಟದ್ದು ಇದೇ ಇರಬೇಕೆಂದು ಹಿಗ್ಗಿ ಹಾಗೇ ಬರೆದಳು. ಏಳನೆಯದನ್ನೂ ಸೇರಿಸಿ ಕಳಿಸಿದ ಸಂಜೆ ಮನೆಯಲ್ಲಿ ಪಾಯಸ ಮಾಡಿದಳು. ಏನು ವಿಶೇಷ ಎಂದು ವೇಲುಸಾಮಿ ಕೇಳಿದ್ದಕ್ಕೆ ಹಾಲು ಉಳಿದಿತ್ತು ಎಂದಳು.

ಆದರೆ ಮುಗಿದಿರಲಿಲ್ಲ. ಟೀಚರಿಲ್ಲದ ಶಾಲೆಯಲ್ಲಿ ಅಂಕ ಹಾಕುವವರು ಯಾರು? ಓದುವವರೇ ಒಬ್ಬರಿಗೊಬ್ಬರು ಹಾಕಬೇಕು. ಅಮುದಾಳ ಮುಂದೆ ಮೂವರ ಕೆಲಸ ಬಂದು ಕೂತಿತು, ಹೆಸರಿಲ್ಲ, ಊರಿಲ್ಲ. ಅವಳದ್ದನ್ನೂ ಎಲ್ಲೋ ಇಬ್ಬರು ನೋಡುತ್ತಾರೆ. ಹೆಸರು ಸರಿಯೇ, ಊಹೆ ಸರಿಯೇ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾರೆಯೇ ಎಂದು ನೋಡಿ ಹತ್ತಕ್ಕೆ ಎಷ್ಟೆಂದು ಹಾಕಬೇಕು. ಅಮುದಾ ಯೋಚನೆ ಮಾಡಲೇ ಇಲ್ಲ. ಮೂವರಿಗೂ ಹತ್ತಕ್ಕೆ ಹತ್ತು ಒತ್ತಿ, ಫೋನನ್ನು ಕಣ್ಣಿಗೊತ್ತಿಕೊಂಡು, ಕೆಳಗೆ ಇಳಿದು ಬಂದಳು.

ಅದು ಸೋಮಾರಿತನವಲ್ಲ. ಅಮುದಾಳ ಜನದಲ್ಲಿ ದನಗಳ ಹಬ್ಬವಾದ ಮಾಟ್ಟುಪೊಂಗಲ್ ದಿನ ಹುಟ್ಟಿದ ಕರುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಕುಲದೇವರ ಮಂದೆಗೆ ಬಿಡುತ್ತಾರೆ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಅವಳೂ ಹೋಗಿದ್ದಳು. ಸಂತೆಯಲ್ಲಿ ಅಪ್ಪ ದನ ಕೊಳ್ಳುವಾಗ ಹಣೆ, ಬೆನ್ನು, ಎದೆಯ ಮೇಲಿನ ಕೂದಲಿನ ಸುಳಿಗಳನ್ನು ಬೆರಳಿಟ್ಟು ಹುಡುಕಿ, ಇದು ಒಳ್ಳೆಯದು, ಇದು ಮನೆಗೆ ಆಗದು ಎಂದು ಹೇಳುವುದನ್ನು ಕೇಳಿ ಕಲಿತಿದ್ದಳು. ಅಂದು ಮಂದೆಗೆ ಬಿಡಲು ತಂದಿದ್ದ ಯಾರದ್ದೋ ಕರುವಿನ ಬೆನ್ನ ಮೇಲೆ ಕೆಟ್ಟ ಸುಳಿ ಕಂಡು, ಅಪ್ಪಾ ಅಲ್ನೋಡು ಎಂದು ಕೂಗಿಬಿಟ್ಟಳು. ಚಿನ್ನಸಾಮಿ ಅವಳ ಬಾಯಿ ಮುಚ್ಚಿ ಪಕ್ಕಕ್ಕೆ ಎಳೆದುಕೊಂಡ.

"ಕೊಂಡ್ಕೊಳೋ ಕರೂಗೆ ಸುಳಿ ನೋಡು ಮಗಾ," ಎಂದಿದ್ದ ಮೆಲ್ಲಗೆ. "ಕೊಡಕ್ ತಂದಿರೋ ಕರೂಗೆ ನೋಡ್ಬಾರ್ದು. ತಂದೋರ್ ಮನ್ಸು ನೋಯ್ತದೆ, ದೇವ್ರೂ ನೋಯ್ತಾನೆ."

ಪುಕ್ಕಟೆ ಕಲಿತು, ಪುಕ್ಕಟೆ ಮಾಡಿ, ಯಾರೋ ಎಲ್ಲಿಂದಲೋ ತಂದು ಮುಂದಿಟ್ಟದ್ದನ್ನು ಹಿಡಿದು ತಿರುಗಿಸಿ ಸುಳಿ ನೋಡುವುದು ಅವಳ ಕೈಲಾಗುವ ಮಾತೇ ಅಲ್ಲ.

ಮಾರನೆಯ ದಿನ ಫೋನು ಕೆಂಪು ಅಕ್ಷರದಲ್ಲಿ ಹೇಳಿತು: ನೀವು ನೋಡದೆ ಅಂಕ ಹಾಕಿದ್ದೀರಿ. ಇದನ್ನು ಒಪ್ಪುವುದಿಲ್ಲ. ಭಾನುವಾರದೊಳಗೆ ಮತ್ತೆ ನೋಡಿ, ಕಾರಣ ಬರೆಯಿರಿ. ಇಲ್ಲದಿದ್ದರೆ ನಿಮ್ಮ ಕೆಲಸಕ್ಕೂ ಫಲಿತಾಂಶವಿಲ್ಲ.

ಅಮುದಾಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಒಳ್ಳೆಯದು ಮಾಡಹೋದರೆ ಹೀಗೂ ಉಂಟೇ ಎಂದು ಕೋಪ ಬಂತು, ಆಮೇಲೆ ಹೆದರಿಕೆಯೂ ಆಯಿತು. ಇಷ್ಟು ದೂರ ಬಂದು ಮತ್ತೆ ಒಂದು ಪೇಪರ್ ಬಾಕಿ ಉಳಿಯುವುದೇ? ಮಗಳಿಗೆ ಫೋನು ಮಾಡಿದಳು. ಮುತ್ತುಸೆಲ್ವಿಗೆ ಅದೊಂದು ಸಮಸ್ಯೆಯೇ ಅಲ್ಲ. ಒಬ್ಬರಿಗೆ ಎಂಟು, ಒಬ್ಬರಿಗೆ ಒಂಬತ್ತು ಹಾಕು, ಕೆಳಗೆ ಗುಡ್ ವರ್ಕ್ ಎಂದು ಬರೆ, ಯಂತ್ರಕ್ಕೆ ಅಷ್ಟೇ ಬೇಕು ಎಂದಳು. "ಎಲ್ಲಾರುಂ ಅಪ್ಪಡಿದಾನ್ ಪಣ್ಣುವಾಂಗ ಮಾ." ಎಲ್ಲರೂ ಮಾಡುವುದು ಹಾಗೇ ಎಂದ ಮೇಲೆ ಇನ್ನೇನು, ಅಮುದಾಳಿಗೆ ಸಮಾಧಾನವಾಯಿತು. ಸಂಜೆ ಕೆಲಸ ಮುಗಿಸಿ ಹಾಗೇ ಮಾಡುವುದೆಂದು ಇಟ್ಟುಕೊಂಡಳು.

ಸಂಜೆಗೆ ಮೊದಲೇ ಅವಳ ಕೆಲಸಕ್ಕೆ ಮೊದಲನೆಯ ಅಂಕ ಬಂತು. ಹತ್ತಕ್ಕೆ ಹತ್ತು! ಕೆಳಗೆ ಎರಡೇ ಪದ, ಗುಡ್ ವರ್ಕ್. ಅಮುದಾ ಫೋನು ಹಿಡಿದುಕೊಂಡು ಮಹಡಿಯ ಮೆಟ್ಟಿಲನ್ನು ಇಳಿದು ಬಂದ ರಭಸಕ್ಕೆ ಜಗಲಿಯಲ್ಲಿ ಕೂತಿದ್ದ ಅತ್ತೆ ಮುನಿಯಮ್ಮಾಳ್ ಬೆಚ್ಚಿದಳು. ಮುನಿಯಮ್ಮಾಳ್ ತನ್ನ ಬಿಳಿ ಸೀರೆಯ ಹರಿದ ಅಂಚನ್ನು ದೊಡ್ಡ ದೊಡ್ಡ ಹೊಲಿಗೆ ಹಾಕಿ ಮಡಚುತ್ತಿದ್ದಳು. ಗಂಡ ಹೋದಾಗಿನಿಂದ ಬಿಳಿಯೇ ಉಡುವವಳು, ಒಂದನ್ನೂ ಬಿಸಾಡಳು, ಇದ್ದ ಸೀರೆಗಳಿಗೆಲ್ಲ ಹೀಗೇ ಹೊಲಿಗೆ. ಸೊಸೆ ಹೇಳಿದ್ದನ್ನೆಲ್ಲ ಕೇಳಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ನಮ್ ಮಲೆ ನೋಡುದ್ರಂತಾ?"

"ನೋಡಿರ್ತಾರೆ ಅತ್ತೆ. ಅತ್ತುಕ್ ಅತ್ತು ಕೊಟ್ಟವ್ರೆ."

"ಏನಂದ್ರು, ಮಲೆ ನೋಡಿ?"

ಅಮುದಾ ಫೋನನ್ನು ಮತ್ತೆ ನೋಡಿದಳು. ಅಲ್ಲಿ ಮಲೆಯ ಮಾತಿಲ್ಲ, ಮೋಡದ ಮಾತಿಲ್ಲ. ಆ ಎರಡು ಪದವನ್ನು ಯಾವ ಫೋಟೋದ ಕೆಳಗೂ ಹಾಕಬಹುದಿತ್ತು.

"ನಿನ್ ನಾದ್ನೀನ ಎಣ್ ನೋಡಕ್ ಬಂದಿದ್ರಲ್ಲ ಮೊದ್ಲು, ಆ ಪೋಡಿ ಊರ್ ಕಡೆಯೋರು," ಎಂದಳು ಮುನಿಯಮ್ಮಾಳ್. "ಬಂದ್ರು, ವಡೆ ತಿಂದ್ರು, ಎಲ್ಲಾ ನಲ್ಲಾ ಅದೆ, ಚೆಂದಾಗದೆ ಅಂದ್ರು. ಎಣ್ಣು ಬಂದು ನಿಂತಾಗ ಒಬ್ರೂ ತಲೆ ಎತ್ಲಿಲ್ಲ. ಒಳಗ್ ಓಗಿ ಅಳ್ತಾ ಕೂತ್ಬುಟ್ಳು. ಬೇಡ ಅಂದಿದ್ರೂ ಅಷ್ಟ್ ಅಳ್ತಿರ್ಲಿಲ್ಲ ಅವ್ಳು."

ಹೇಳಿ ಮತ್ತೆ ಸೂಜಿ ಎತ್ತಿಕೊಂಡಳು. ಅವಳೇನೂ ಸೊಸೆಗೆ ಬುದ್ಧಿ ಹೇಳಲು ಹೇಳಿದ್ದಲ್ಲ, ನೆನಪಾಯಿತು, ಹೇಳಿದಳು. ಇಳಿದು ಬಂದಾಗಿದ್ದ ಖುಷಿ ಎಲ್ಲಿ ಹೋಯಿತೆಂದು ಅಮುದಾಳಿಗೇ ಗೊತ್ತಾಗಲಿಲ್ಲ. ಏಳು ದಿನ ಕೆಲಸ ಬಿಟ್ಟು, ಬೈಸಿಕೊಂಡು, ಹಿಡಿದು ತಂದ ಆಕಾಶ ಅದು. ಅದನ್ನು ಯಾರೂ ನೋಡಿರಲಿಲ್ಲ.

ಮತ್ತೆ ತಾರಸಿಗೆ ಹೋದಳು. ಮೂವರ ಕೆಲಸವನ್ನೂ ತೆರೆದು ಈ ಸಲ ನೋಡಿದಳು. ಮೊದಲನೆಯವರು ಯಾವುದೋ ಪುಸ್ತಕದಿಂದಲೇ ಫೋಟೋ ಎತ್ತಿದ್ದರು, ಹಾಳೆಯ ಮಡಿಕೆ ಕೂಡ ಕಾಣುತ್ತಿತ್ತು. ಎರಡನೆಯವರದ್ದು ಸಮುದ್ರ, ಬರೆದದ್ದೆಲ್ಲ ಅಚ್ಚುಕಟ್ಟು, ಮೂರನೆಯ ದಿನದ ಊಹೆ ಮಾತ್ರ ತಪ್ಪು. ಕಡೆಯವರದ್ದೇ ಒಂದು ಥರ ಇತ್ತು. ಏಳು ಫೋಟೋದಲ್ಲೂ ಒಂದೇ ಕಿಟಕಿ, ಕಿಟಕಿಯಾಚೆ ಎರಡು ಎತ್ತರದ ಗೋಡೆ, ಗೋಡೆಗಳ ನಡುವೆ ಅಂಗೈಯಗಲ ಆಕಾಶ. ಹೆಸರುಗಳು ಬಹುಪಾಲು ತಪ್ಪು. ಪ್ರತಿದಿನವೂ ಇಂದು ಮಳೆ ಬರುತ್ತದೆ ಎಂದು ಬರೆದಿದ್ದರು, ಅದರ ಕೆಳಗೆ ಬರಲಿಲ್ಲ ಎಂದೂ ಬರೆದಿದ್ದರು. ಏಳು ಸಲ, ಬೇಸರವಿಲ್ಲದೆ.

ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಅಮುದಾ ಮುಖದ ಹತ್ತಿರ ಹಿಡಿದಳು. ನಾಲ್ಕನೆಯ ದಿನದ ಬಿಳಿ ಮೋಡ ಗೋಡೆಗೆ ಅಂಟಿಕೊಂಡು ಮೇಲೇರುತ್ತಿತ್ತು. ಯಾವ ಮೋಡವೂ ಹಾಗೆ ಗೋಡೆ ಹಿಡಿದು ಹತ್ತುವುದಿಲ್ಲ. ಬಹಳ ಹೊತ್ತು ನೋಡಿದ ಮೇಲೆ ಅವಳಿಗೆ ತಿಳಿಯಿತು, ತಿಳಿದ ಕೂಡಲೇ ನಗುವೂ ಬಂತು. ಅದು ಆವಿ. ಕೆಳಗಿನ ಮನೆಯಲ್ಲಿ ಯಾರೋ ಅನ್ನ ಬಸಿಯುತ್ತಿದ್ದಾರೆ.

ಮೊದಲಿಬ್ಬರಿಗೂ ಕಾರಣ ಬರೆದು ಅಂಕ ಹಾಕಿ, ಕಿಟಕಿಯವರದ್ದಕ್ಕೆ ಬಂದಳು. ಹೆಸರಿಗೆ ಕೊಡುವ ಹಾಗಿಲ್ಲ, ಊಹೆಗೆ ಕೊಡುವ ಹಾಗಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದದ್ದಕ್ಕೆ ಪೂರ್ತಿ. ಎಲ್ಲ ಕೂಡಿದರೆ ನಾಲ್ಕು, ಪಾಸಾಗಲು ಐದು ಬೇಕು. ಇನ್ನೊಂದು ಹಾಕಿಬಿಡಲೇ ಎಂದು ಬೆರಳು ಎರಡು ಸಲ ಹೋಯಿತು, ಎರಡು ಸಲ ಹಿಂದಕ್ಕೆ ಬಂತು. ಅಪ್ಪ ಬದುಕಿದ್ದರೆ ಏನನ್ನುತ್ತಿದ್ದನೋ! ಆಮೇಲೆ ತಮಿಳಿನಲ್ಲಿ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ, ನಿಧಾನವಾಗಿ ಬರೆದಳು. ನಾಲ್ಕನೆಯ ದಿನದ್ದು ಮೋಡವಲ್ಲ, ನಿಮ್ಮ ಕೆಳಗೆ ಯಾರೋ ಅಡುಗೆ ಮಾಡುತ್ತಿದ್ದಾರೆ. ಎರಡನೆಯ ದಿನದ್ದು ನಿಜವಾದ ಮೋಡ, ಅದರ ಬಾಲ ಮಾತ್ರ ನಿಮಗೆ ಸಿಕ್ಕಿದೆ, ಮುಖ ಗೋಡೆಯ ಹಿಂದಿದೆ, ಮುಖ ನೋಡದೆ ಮಳೆ ಹೇಳಲಾಗದು. ಆ ಮನೆಗೆ ಮೇಲೆ ಹೋಗಲು ದಾರಿ ಇದ್ದರೆ ಒಂದು ಸಲ ಹತ್ತಿ ನೋಡಿ. ಮಳೆಗೆ ಇಷ್ಟು ಕಾದಿದ್ದೀರಿ, ಬರಲಿ.

ಕಳಿಸಿದ ಮೇಲೆ ತಪ್ಪು ಮಾಡಿದೆನೇನೋ ಅನ್ನಿಸಿತು. ರಾತ್ರಿ ಊಟ ಸೇರಲಿಲ್ಲ.

ಫೋನು ಅವಳ ಅಂಕಗಳನ್ನು ಒಪ್ಪಿಕೊಂಡಿತು. ಇನ್ನು ಅವಳದ್ದನ್ನು ಎರಡನೆಯವರು ಯಾರಾದರೂ ನೋಡಿದರೆ ಆಯಿತು. ಭಾನುವಾರ ಕಳೆಯಿತು. ಫೋನಿನಲ್ಲಿ ಒಂದೇ ಸಾಲು ನಿಂತುಬಿಟ್ಟಿತು: ನೋಡುವವರಿಗಾಗಿ ಕಾಯಲಾಗುತ್ತಿದೆ. ಕೊಯಿಲು ಮುಗಿದು, ಪೆಟ್ಟಿಗೆಗಳೆಲ್ಲ ತೇನಿಗೆ ಹೋದವು. ವೇಲುಸಾಮಿ ಚಪ್ಪರದ ತಂತಿ ಬಿಗಿಸಲು ಶುರು ಮಾಡಿದ. ಸಾಲು ಹಾಗೇ ಇತ್ತು. ನಲವತ್ತು ಸಾವಿರದಲ್ಲಿ ಉಳಿದವರೇ ಬೆರಳೆಣಿಕೆ, ಅವರೂ ತಮ್ಮದು ಮುಗಿಸಿಕೊಂಡು ಹೋಗಿರುತ್ತಾರೆ, ಇನ್ನು ನೋಡುವವರು ಯಾರೂ ಇರಲಾರರು ಎಂದು ಮುತ್ತುಸೆಲ್ವಿ ಹೇಳಿದಳು. ಅವಳ ದನಿಯಲ್ಲಿ ಈ ಸಲ ಗೇಲಿಯಿರಲಿಲ್ಲ. ಪರವಾಯಿಲ್ಲೆ ಮಾ, ನೀನು ಮುಗಿಸಿದ್ದು ನನಗೆ ಗೊತ್ತು ಎಂದಳು.

ಮಗಳಿಗೆ ಗೊತ್ತು, ಸರಿ. ಆದರೂ ಅಮುದಾಳಿಗೆ ದುಃಖವಾಯಿತು, ಯಾರ ಮೇಲೂ ಹಾಕಲಾಗದ ದುಃಖ. ಆಗ ಅಜ್ಜಿ ಸತ್ತಳು, ಈಗ ಜನ ಎದ್ದು ಹೋದರು. ಬಾಕಿ ಉಳಿಯುವುದು ತನ್ನ ಹಣೆಯ ಮೇಲೇ ಬರೆದಿರಬೇಕು ಎಂದುಕೊಂಡು ಫೋನು ತೆರೆಯುವುದನ್ನು ಬಿಟ್ಟಳು. ಮೇಲೆ ನೋಡುವುದನ್ನು ಮಾತ್ರ ಬಿಡಲಾಗಲಿಲ್ಲ. ನೀರು ಹೊರುವಾಗ, ಹುಲ್ಲು ಕೀಳುವಾಗ, ಕತ್ತು ತಾನಾಗಿ ಪಡುವಣಕ್ಕೆ ತಿರುಗುತ್ತಿತ್ತು.

ಆಡಿ ಕಳೆದು, ಆವಣಿ ತಿಂಗಳ ಒಂದು ಸಂಜೆ ಒಣಗಿದ ಮೆಣಸಿನಕಾಯಿ ತುಂಬಿಕೊಳ್ಳಲು ತಾರಸಿಗೆ ಹತ್ತಿದಾಗ ಸೊಂಟದಲ್ಲಿದ್ದ ಫೋನು ಗುಂಯ್ ಎಂದಿತು. ಮಗಳಿರಬಹುದೆಂದು ತೆಗೆದಳು. ಮಗಳಲ್ಲ. ಹತ್ತಕ್ಕೆ ಎಂಟು ಎಂದಿತ್ತು, ಅದರ ಕೆಳಗೆ ಉದ್ದಕ್ಕೆ ಬರಹ, ಅದೇ ಸೊಟ್ಟ ತಮಿಳಿನಲ್ಲಿ. ಅಮುದಾ ಮೊರವನ್ನು ಕೆಳಗಿಟ್ಟು, ಟ್ಯಾಂಕಿಗೆ ಒರಗಿ, ಒಂದೊಂದೇ ಪದ ಓದಿದಳು.

"ಆರನೆಯ ಚಿತ್ರ. ಎಡಮೂಲೆಯಲ್ಲಿರುವುದು ಮೋಡವಲ್ಲ. ಅದಕ್ಕೆ ಅಂಚು ಇದೆ, ಅಂಚಿನಲ್ಲಿ ದೊಡ್ಡ ಹೊಲಿಗೆಗಳಿವೆ. ಒಣಹಾಕಿದ ಬಟ್ಟೆ ಎಂದು ನಾನು ತಿಳಿಯುತ್ತೇನೆ. ಎರಡು ಅಂಕ ಕಡಿಮೆ, ಕ್ಷಮಿಸಿ. ಐದನೆಯ ಚಿತ್ರದಲ್ಲಿ ಎಲೆಗಳ ನಡುವೆ ಒಂದು ಕೈ ಇದೆ. ಅದು ಯಾರನ್ನೋ ಕರೆಯುತ್ತಿದೆ. ಕರೆಸಿಕೊಂಡವರು ಹೋದರೇ ಎಂದು ಬಹಳ ಹೊತ್ತು ಯೋಚಿಸಿದೆ. ನಿಮ್ಮ ಬೆಟ್ಟದ ಮೇಲಿನ ಮೋಡ ಯಾವತ್ತಾದರೂ ಇಳಿದರೆ ನನಗೆ ಸಂತೋಷ. ನಾನು ಮೊದಲ ಸಲ ಪಾಸಾಗಲಿಲ್ಲ. ನನ್ನದನ್ನು ನೋಡಿದ ಯಾರೋ ಒಬ್ಬರು ಮೇಲೆ ಹತ್ತಿ ನೋಡು ಎಂದಿದ್ದರು. ಹತ್ತಿದೆ. ಮತ್ತೆ ಮೊದಲನೆಯ ದಿನದಿಂದ ತೆಗೆಯುತ್ತ ಬಂದಿದ್ದೇನೆ. ಇಲ್ಲಿಯೂ ಆಕಾಶ ದೊಡ್ಡದೇ ಇದೆ."

ಅದರ ಕೆಳಗೆ ಹಸಿರು ಅಕ್ಷರದ ಒಂದು ಸಾಲು: ಕೋರ್ಸು ಮುಗಿಯಿತು, ಅಮುದಾ.

ಅವಳು ಆರನೆಯ ಫೋಟೋ ತೆರೆದು ಎಡಮೂಲೆಯನ್ನು ಹಿಗ್ಗಿಸಿದಳು. ಹಿಗ್ಗಿಸಿ, ಹಿಗ್ಗಿಸಿ, ಕಡೆಗೆ ಕಂಡಿತು. ನಕ್ಕಳು, ನಗುತ್ತ ನಗುತ್ತ ಅಳು ಬಂತು, ಒರೆಸಿಕೊಳ್ಳಲಿಲ್ಲ. ಕೆಳಗೆ ಅಂಗಳದಲ್ಲಿ ವೇಲುಸಾಮಿ ತಂತಿಯ ಸುರುಳಿ ಹೊತ್ತು ಬರುತ್ತಿದ್ದ.

"ಮಾಮಾ," ಎಂದು ಕರೆದಳು. "ನಿನ್ ಕೈನ ಯಾರೋ ನೋಡವ್ರೆ."

ಅವನು ಸುರುಳಿ ಇಳಿಸಿ, ತನ್ನ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡು, ಏನಂತೆ ಎಂದು ತಲೆಯೆತ್ತಿ ಕೇಳಿದ. ಅಷ್ಟರಲ್ಲಿ ಗಾಳಿ ತಿರುಗಿತು. ಅಮುದಾ ಪಡುವಣಕ್ಕೆ ನೋಡಿದಳು. ಕೊಂಬೈ ಕಡೆ ಬೆಟ್ಟವೇ ಇರಲಿಲ್ಲ. ಮೋಡದ ಕಪ್ಪು ಹೊಟ್ಟೆ ತೆಂಗಿನ ತಲೆಗಳ ತನಕ ಇಳಿದು ಬಂದಿತ್ತು. ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಮೆಣಸಿನಕಾಯಿಯನ್ನು ಮೊರದ ಸಮೇತ ಮೆಟ್ಟಿಲ ಮಾಡಿನ ಕೆಳಗೆ ಇಟ್ಟು, ಹಗ್ಗದ ಕಡೆಗೆ ಓಡಿದಳು. ಅತ್ತೆಯ ಬಿಳಿ ಸೀರೆ ಗಾಳಿಗೆ ಉಬ್ಬಿ ನಿಂತಿತ್ತು. ಅದನ್ನು ತಬ್ಬಿ ಹಿಡಿದು ಎಳೆದುಕೊಂಡಳು, ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಒಂದು ಗಳಿಗೆ ಹಾಗೇ ನಿಂತಳು. ಮೊದಲ ಹನಿ ಬಂದು ಆ ಹೊಲಿಗೆಯ ಪಕ್ಕದಲ್ಲೇ ಬಿತ್ತು.